ಐಸಿಯು ಸಿಬ್ಬಂದಿ ತಮ್ಮ ಮನಸ್ಸನ್ನು ಕಾಯ್ದುಕೊಳ್ಳುವ ಬಗೆ

ನವಲಗುಂದ, ಕುಂದಗೋಳ, ರೋಣ, ಶಿಗ್ಗಾವಿ, ಹಿರೇಕೆರೂರಿನಂಥ ತಾಲ್ಲೂಕುಗಳಿಂದ ಹೊರಟ ರೋಗಿಗಳಲ್ಲಿ ಅನೇಕರು ಒಂದೆರಡು ಆಸ್ಪತ್ರೆಗಳ ಬಾಗಿಲು ದಾಟಿದ ಮೇಲೆ ಹುಬ್ಬಳ್ಳಿಯ ಕಿಮ್ಸ್‌ಗೋ, ಸತ್ತೂರಿನ ಎಸ್‌ಡಿಎಂಗೋ, ಗದಗ ಅಥವಾ ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗೋ ಬಂದು ಮುಟ್ಟುತ್ತಾರೆ. ಮಳೆಗಾಲದಲ್ಲಿ ಹಾವು ಕಡಿತ, ಬೆಳೆಗೆ ಎಣ್ಣೆ ಹೊಡೆಯುವ ದಿನಗಳಲ್ಲಿ ಕೀಟನಾಶಕದ ವಿಷ, ವರ್ಷವಿಡೀ ಹೆದ್ದಾರಿಯ ಅಪಘಾತ. ಇವರನ್ನೆಲ್ಲ ಬರಮಾಡಿಕೊಳ್ಳುವ ತೀವ್ರ ನಿಗಾ ಘಟಕದ (ಐಸಿಯು) ನರ್ಸುಗಳು, ಕಿರಿಯ ವೈದ್ಯರು, ತಂತ್ರಜ್ಞರು, ಆಯಾಗಳು ಮತ್ತು ವಾರ್ಡ್ ಬಾಯ್‌ಗಳಿಗೆ "ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂಬ ಬುದ್ಧಿವಾದ ಎಲ್ಲ ಕಡೆಯಿಂದಲೂ ಸಿಗುತ್ತದೆ. ಆ ಮಾತಿನಿಂದ ಯಾರಿಗೂ ಪ್ರಯೋಜನವಾದಂತೆ ಕಾಣದು, ಏಕೆಂದರೆ ಸ್ವಲ್ಪವಾದರೂ ಮನಸ್ಸಿಗೆ ಹಚ್ಚಿಕೊಳ್ಳದೆ ಈ ಕೆಲಸವನ್ನು ಚೆನ್ನಾಗಿ ಮಾಡಲು ಬರುವುದಿಲ್ಲ. ಯಾವ ಭಾರವನ್ನು ಯಾವ ಹೊತ್ತಿನಲ್ಲಿ, ಯಾರ ಎದುರು ಇಳಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಸಾಧ್ಯ. ಯಾವ ಭಾರವನ್ನು ಒಬ್ಬರೇ ಹೊರಬಾರದೆಂಬುದನ್ನೂ ತಿಳಿದಿರುವುದು ಅಗತ್ಯ. ಮುಂದಿನ ಸಲಹೆಗಳು ಈ ಎರಡಕ್ಕೆ ಸೀಮಿತವಾಗಿವೆ.

ಭಾರ ಯಾವುದೆಂದು ಮೊದಲು ಗುರುತಿಸಿ

ಐಸಿಯು ಸಿಬ್ಬಂದಿ "ಸಾಕಾಗಿದೆ" ಎಂದಾಗ ಆ ಒಂದು ಮಾತಿನೊಳಗೆ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ, ಮತ್ತು ಒಂದೊಂದರ ಪರಿಹಾರವೂ ಬೇರೆ. ಎರಡು ದಿನ ನಿದ್ದೆ ಮಾಡಿದರೆ ಹೋಗುವಂಥದ್ದು ದಣಿವು. ರಜೆ ಮುಗಿಸಿ ಬಂದರೂ ಹೋಗದಿರುವುದನ್ನು ಬರ್ನ್‌ಔಟ್ ಎನ್ನುತ್ತಾರೆ. ಇದನ್ನು ಅಳೆಯಲು ಮನಶ್ಶಾಸ್ತ್ರಜ್ಞರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ರೂಪಿಸಿದ ಪ್ರಶ್ನಾವಳಿಯು ಮೂರು ಲಕ್ಷಣಗಳನ್ನು ನೋಡುತ್ತದೆ: ಭಾವನೆಗಳು ಬತ್ತಿಹೋಗುವುದು, ರೋಗಿಯನ್ನು ಮನುಷ್ಯನೆಂದು ಕಾಣುವುದು ಕಡಿಮೆಯಾಗುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆಂದು ಅನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎಂದು ಕರೆಯದೆ, ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲವೆಂದು ವಿವರಿಸಿತು. ಈ ವಿವರಣೆ ಮುಖ್ಯವಾದುದು. ದೋಷವನ್ನು ವ್ಯಕ್ತಿಯ ದೌರ್ಬಲ್ಯದಲ್ಲಿ ಹುಡುಕುವ ಮೊದಲು ಕೆಲಸದ ವ್ಯವಸ್ಥೆಯಲ್ಲಿ ಹುಡುಕಬೇಕೆಂದು ಅದು ಸೂಚಿಸುತ್ತದೆ.

ಮೂರನೆಯದು ಇವೆರಡಕ್ಕಿಂತ ಬೇರೆ ಜಾತಿಯದು. ಏನು ಮಾಡುವುದು ಸರಿ ಎಂದು ಗೊತ್ತಿದ್ದೂ ಅದನ್ನು ಮಾಡಲಾಗದ ಸಂಕಟವನ್ನು ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನರ್ಸಿಂಗ್ ವೃತ್ತಿಯ ಸಂದರ್ಭದಲ್ಲಿಯೇ ನೈತಿಕ ಸಂಕಟವೆಂದು ಗುರುತಿಸಿದರು. ಹಣ ತೀರಿತೆಂದು ವೆಂಟಿಲೇಟರ್‌ನಿಂದ ಬಿಡಿಸಿ ಮನೆಗೆ ಕರೆದೊಯ್ಯುವ ಕುಟುಂಬವನ್ನು ಕಂಡಾಗ, ಇಲ್ಲವೇ ಬದುಕುವ ಸಾಧ್ಯತೆಯೇ ಇಲ್ಲದ ದೇಹಕ್ಕೆ ದಿನವೂ ಸೂಜಿ ಚುಚ್ಚುವಾಗ ಆಗುವ ಕಸಿವಿಸಿ ಇದೇ. ನಿದ್ದೆಯಾಗಲಿ ಯೋಗವಾಗಲಿ ಇದನ್ನು ಕಳೆಯಲಾರವು. ಇದಕ್ಕೆ ಬೇಕಾದದ್ದು ಮಾತು ಮತ್ತು ನಿರ್ಧಾರ.

ಗುರುತಿಸುವ ಸರಳ ವಿಧಾನವೆಂದರೆ ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವ ನಿಮ್ಮ ಹ್ಯಾಂಡ್‌ಓವರ್ ಅನ್ನು ನೀವೇ ಕೇಳಿಸಿಕೊಳ್ಳುವುದು. ರೋಗಿಯ ಹೆಸರು, ವಯಸ್ಸು, ಊರು ಬಾಯಿಗೆ ಬರುತ್ತಿವೆಯೋ, ಅಥವಾ ತಿಂಗಳಿಂದ "ಆರನೇ ಬೆಡ್ಡು" ಮಾತ್ರ ಬರುತ್ತಿದೆಯೋ? ಪಾಳಿಗೆ ಹೊರಡುವ ಮುನ್ನ ಹೊಟ್ಟೆ ತೊಳಸುತ್ತದೆಯೇ? ಮನೆಯಲ್ಲಿ ಕುಕ್ಕರ್ ಸೀಟಿಗೆ ಮಾನಿಟರ್ ಅಲಾರಂ ಕೇಳಿದಂತೆ ಬೆಚ್ಚಿಬೀಳುತ್ತೀರಾ? ಮೊದಲನೆಯದು ಬರ್ನ್‌ಔಟ್‌ನ ಕಡೆಗೆ, ಕೊನೆಯದು ಆಘಾತದ ಕಡೆಗೆ ಬೊಟ್ಟು ಮಾಡುತ್ತದೆ.

ಪಾಳಿಯ ನಡುವೆ

ಪಾಳಿಯಲ್ಲಿ ಬಿಡುವು ಸಿಗುವುದಿಲ್ಲವೆಂಬುದು ನಿಜ. ಆದ್ದರಿಂದ ಹೇಗಿದ್ದರೂ ಮಾಡಲೇಬೇಕಾದ ಕೆಲಸಕ್ಕೆ ಇದನ್ನು ಕಟ್ಟಿಹಾಕಬೇಕು. ಸ್ಯಾನಿಟೈಸರ್‌ನಿಂದ ಕೈ ಉಜ್ಜಿಕೊಳ್ಳಲು 20ರಿಂದ 30 ಸೆಕೆಂಡು ಬೇಕು. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಂಡು ಆರು ಎಣಿಸುತ್ತಾ ಬಿಟ್ಟರೆ ಆ ಅವಧಿಯಲ್ಲಿ ಎರಡು ಮೂರು ನಿಧಾನದ ಉಸಿರು ಆಗುತ್ತವೆ. ಉಸಿರು ಬಿಡುವ ಅವಧಿ ಉದ್ದವಾದಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಸ್ವಲ್ಪ ಇಳಿಯುತ್ತದೆಂಬುದು ನಿಮಗೆ ಪಾಠದಲ್ಲಿಯೇ ಗೊತ್ತಿರುವ ಸಂಗತಿ. ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ಇದನ್ನು ಮಾಡಿದರೆ, ಹಿಂದಿನ ರೋಗಿಯ ಬಳಿ ಉಂಟಾದ ಉದ್ವೇಗ ಮುಂದಿನ ರೋಗಿಯ ಬಳಿಗೆ ಪೂರ್ತಿಯಾಗಿ ಸಾಗುವುದಿಲ್ಲ.

ಅಲಾರಂಗಳ ಸದ್ದೂ ಮನಸ್ಸನ್ನು ಸವೆಸುತ್ತದೆ. ಅವುಗಳಲ್ಲಿ ಹೆಚ್ಚಿನವು ಏನೂ ಮಾಡಬೇಕಾಗಿಲ್ಲದ ಅಲಾರಂಗಳು. ಪಾಳಿಯ ಆರಂಭದಲ್ಲಿ ವೈದ್ಯರನ್ನು ಕೇಳಿ ಪ್ರತಿ ರೋಗಿಗೂ ಮಿತಿಗಳನ್ನು ಹೊಂದಿಸಿಕೊಳ್ಳುವುದು, ಸಡಿಲವಾದ ಇಸಿಜಿ ಎಲೆಕ್ಟ್ರೋಡ್‌ಗಳನ್ನು ಬದಲಿಸುವುದು ರೋಗಿಗೂ ಒಳ್ಳೆಯದು, ನಿಮ್ಮ ನರಗಳಿಗೂ ಒಳ್ಳೆಯದು.

ಸಾವಿನ ನಂತರದ ಐದು ನಿಮಿಷ

ನಿಂತ ಹೃದಯಕ್ಕೆ ಎದೆಯೊತ್ತಿ ಮಾಡುವ ಸಿಪಿಆರ್ ಫಲಿಸದೆ ವೈದ್ಯರು ಸಮಯ ಘೋಷಿಸಿದ ಮೇಲೆ ಸಾಮಾನ್ಯವಾಗಿ ನಡೆಯುವುದೇನು? ಒಬ್ಬರು ಫೈಲ್ ಬರೆಯಲು ಕೂರುತ್ತಾರೆ, ಒಬ್ಬರು ತುರ್ತು ಔಷಧಗಳ ಗಾಡಿಯನ್ನು (ಕ್ರ್ಯಾಶ್ ಕಾರ್ಟ್) ತುಂಬುತ್ತಾರೆ, ಆಯಾ ಬಟ್ಟೆ ತರುತ್ತಾರೆ, ಅಷ್ಟರಲ್ಲಿ ಕ್ಯಾಶುವಾಲ್ಟಿಯಿಂದ ಬೆಡ್ ಖಾಲಿಯಾಯಿತೇ ಎಂದು ಫೋನ್ ಬರುತ್ತದೆ. ಸತ್ತವರ ಬಗ್ಗೆ ಯಾರೂ ಒಂದು ಮಾತೂ ಆಡದೆ ಮುಂದೆ ಹೋಗುವ ಈ ರೂಢಿಯೇ ಸಾವಿಗಿಂತ ಹೆಚ್ಚು ಹಾನಿ ಮಾಡುತ್ತದೆಂಬುದು ನನ್ನ ಅಭಿಪ್ರಾಯ.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ನರ್ಸ್ ಜೊನಾಥನ್ ಬಾರ್ಟೆಲ್ಸ್ ಅವರು ಇದಕ್ಕೊಂದು ಸರಳ ಪದ್ಧತಿಯನ್ನು ರೂಢಿಗೆ ತಂದರು. ಸಾವು ಸಂಭವಿಸಿದ ಬಳಿಕ ತಂಡದವರೆಲ್ಲರೂ ಆ ಹಾಸಿಗೆಯ ಸುತ್ತ ಅರ್ಧ ನಿಮಿಷದಿಂದ ಒಂದು ನಿಮಿಷ ಸುಮ್ಮನೆ ನಿಲ್ಲುವುದು, ಅಷ್ಟೆ. ಇದರಲ್ಲಿ ಪ್ರಾರ್ಥನೆಯಿಲ್ಲದಿರುವುದರಿಂದ ಯಾವ ಧರ್ಮದವರಿಗೂ ಅಡ್ಡಿಯಾಗುವುದಿಲ್ಲ, ಮತ್ತು ಮುನ್ನಡೆಸಲು ಹಿರಿಯ ವೈದ್ಯರೇ ಬೇಕೆಂದೂ ಇಲ್ಲ. ನಮ್ಮ ಕಡೆ ಇನ್‌ಚಾರ್ಜ್ ಸಿಸ್ಟರ್ ಹೀಗೆ ಹೇಳಿದರೆ ಸಾಕು: "ಇವರು ಇಷ್ಟು ದಿನ ನಮ್ಮ ಕೈಯಾಗ ಇದ್ದರು. ಇವರಿಗೊಂದು ಮನಿ ಇತ್ತು, ಇವರ ದಾರಿ ಕಾಯೋ ಮಂದಿ ಅದಾರ. ನಾವೂ ನಮ್ಮ ಕೈಲಾದಷ್ಟು ಮಾಡೇವಿ. ಒಂದು ನಿಮಿಷ ಎಲ್ಲಾರೂ ಸುಮ್ಮನ ನಿಂದ್ರೂಣು." ಮೊದಲ ಒಂದೆರಡು ಸಲ ಮುಜುಗರವಾಗುತ್ತದೆ, ಯಾರಾದರೊಬ್ಬರು ಗಡಿಯಾರ ನೋಡುತ್ತಾರೆ, ಅದನ್ನು ಗಮನಿಸದೆ ಮುಂದುವರಿಸಿ.

ಅದರ ಬೆನ್ನಿಗೆ, ಸಾಧ್ಯವಿದ್ದಲ್ಲಿ, ನಿಂತಲ್ಲೇ ಮೂರು ಪ್ರಶ್ನೆ ಕೇಳಬಹುದು: ಯಾವುದು ಸರಿಯಾಗಿ ನಡೆಯಿತು, ಯಾವುದು ತಡವಾಯಿತು, ಈಗ ಯಾರಿಗೆ ಹತ್ತು ನಿಮಿಷ ಹೊರಗೆ ಹೋಗಬೇಕಾಗಿದೆ. ಉತ್ತರ ಕೊಡಲೇಬೇಕೆಂಬ ಒತ್ತಾಯ ಇರಬಾರದು. ಆಘಾತದ ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ, ತಮಗೆ ಆದದ್ದನ್ನೆಲ್ಲ ಹೇಳಿಸುವ ಒಂದೇ ಬಾರಿಯ ಕಡ್ಡಾಯ ಬೈಠಕ್ಕಿನಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲವೆಂದೂ, ಕೆಲವರಿಗೆ ಹಾನಿಯೂ ಆಗಬಹುದೆಂದೂ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2002ರ ಸಮೀಕ್ಷೆ ತೋರಿಸಿದೆ. ಇದರ ಬದಲು ವಿಶ್ವ ಆರೋಗ್ಯ ಸಂಸ್ಥೆ 2011ರ ತನ್ನ ಕೈಪಿಡಿಯಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಮೂರು ಹೆಜ್ಜೆಗಳನ್ನು ಹೇಳುತ್ತದೆ: ನೋಡುವುದು, ಕೇಳುವುದು, ಬೇಕಾದ ನೆರವಿಗೆ ಜೋಡಿಸುವುದು. ಸಹೋದ್ಯೋಗಿಯೊಬ್ಬರು ಲಿನನ್ ರೂಮಿನಲ್ಲಿ ಒಬ್ಬರೇ ನಿಂತಿದ್ದರೆ ಪಕ್ಕದಲ್ಲಿ ಹೋಗಿ ನಿಲ್ಲಿ, ನೀರು ಕೊಡಿ, ಅವರ ಬೆಡ್ಡನ್ನು ಅರ್ಧ ಗಂಟೆ ನೋಡಿಕೊಳ್ಳುವುದಾಗಿ ಹೇಳಿ. ಅವರು ಮಾತಾಡಿದರೆ ಕೇಳಿ; ಮಾತಾಡದಿದ್ದರೆ ಕೆದಕಬೇಡಿ.

ಪೇಷಂಟ್ ಕಡೆಯವರೊಂದಿಗೆ ಮಾತು

ಕೆಲಸದ ಪಟ್ಟಿಯಲ್ಲಿ ಎಲ್ಲೂ ನಮೂದಾಗದ, ಆದರೆ ಅತಿ ಹೆಚ್ಚು ಶಕ್ತಿ ಹೀರುವ ಕೆಲಸ ಇದು. ಐಸಿಯು ಬಾಗಿಲು ತೆರೆದಾಗಲೆಲ್ಲ ಹೊರಗೆ ಚಾಪೆ ಹಾಸಿ ಕುಳಿತ ಹತ್ತು ಜನ ಎದ್ದು ನಿಲ್ಲುತ್ತಾರೆ, ಔಷಧಕ್ಕೆಂದು ಹೊರಟ ಸಿಸ್ಟರ್‌ಗೆ "ನಮ್ಮಪ್ಪ ಉಳೀತಾನೇನ್ರಿ?" ಎಂಬ ಪ್ರಶ್ನೆ ಎದುರಾಗುತ್ತದೆ. "ಡಾಕ್ಟ್ರನ್ನ ಕೇಳ್ರಿ" ಎಂದು ನಡೆದುಬಿಟ್ಟರೆ ಆ ಕ್ಷಣ ಕಳೆಯುತ್ತದೆ, ಆದರೆ ಅದೇ ಪ್ರಶ್ನೆ ಪಾಳಿಯುದ್ದಕ್ಕೂ ಹತ್ತು ಬಾರಿ ಬರುತ್ತದೆ ಮತ್ತು ಪ್ರತಿ ಬಾರಿಯೂ ತಪ್ಪಿಸಿಕೊಂಡ ಭಾವ ಉಳಿಯುತ್ತದೆ. "ಏನೂ ಆಗೂದಿಲ್ಲ ಬಿಡ್ರಿ" ಎಂಬ ಸಾಂತ್ವನ ಅದಕ್ಕಿಂತ ಕೆಟ್ಟದು, ಏಕೆಂದರೆ ಮರುದಿನ ಆ ಮಾತಿಗೆ ನೀವೇ ಉತ್ತರ ಕೊಡಬೇಕಾಗುತ್ತದೆ.

ಉತ್ತರದಲ್ಲಿ ಮೂರು ಸಂಗತಿಗಳಿದ್ದರೆ ಸಾಕು: ಈಗಿನ ಸ್ಥಿತಿ, ಈಗ ನಡೆದಿರುವ ಚಿಕಿತ್ಸೆ, ಮುಂದಿನ ಸುದ್ದಿ ಯಾವಾಗ ಮತ್ತು ಯಾರಿಂದ ಸಿಗುತ್ತದೆ ಎಂಬುದು. "ಅಕ್ಕಾರ, ನಿಮ್ಮ ಅಪ್ಪಾರ ಸ್ಥಿತಿ ಭಾಳ ಗಂಭೀರ ಐತ್ರಿ. ಬಿಪಿ ಹಿಡಿದು ನಿಲ್ಲಿಸಾಕ ಎರಡು ಔಷಧ ನಡದಾವು. ಸಂಜೀ ಐದಕ್ಕ ದೊಡ್ಡ ಡಾಕ್ಟ್ರು ನಿಮ್ಮ ಕೂಡ ಮಾತಾಡ್ತಾರ, ನೀವು ಇಬ್ಬರು ಬರ್ರಿ." ಹೀಗೆ ಹೇಳಲು ಅರ್ಧ ನಿಮಿಷವೂ ಬೇಡ. ದಿನಕ್ಕೆರಡು ನಿಗದಿತ ಹೊತ್ತಿನಲ್ಲಿ ವೈದ್ಯರು ಕುಟುಂಬದೊಡನೆ ಮಾತಾಡುತ್ತಾರೆಂಬ ವ್ಯವಸ್ಥೆ ಇದ್ದ ಘಟಕದಲ್ಲಿ ಬಾಗಿಲಿನ ಗದ್ದಲ ಗಣನೀಯವಾಗಿ ಇಳಿಯುತ್ತದೆ. ಊರಿನಿಂದ ಬಂದ ಹತ್ತು ಮಂದಿಯಲ್ಲಿ ನಿರ್ಧಾರ ತೆಗೆದುಕೊಳ್ಳುವವರು ಯಾರೆಂದು ಮೊದಲ ದಿನವೇ ಕೇಳಿ ಫೈಲಿನಲ್ಲಿ ಬರೆದಿಡಿ. ಪಕ್ಕದಲ್ಲಿ ನಿಂತು ವಾದಿಸುತ್ತಿರುವ ದೊಡ್ಡಪ್ಪನಿಗಿಂತ ಮೂಲೆಯಲ್ಲಿ ಮೌನವಾಗಿ ಕುಳಿತ ಹೆಂಡತಿಗೆ ಮೊದಲು ತಿಳಿಯಬೇಕಾದ ಸಂದರ್ಭಗಳು ಕಡಿಮೆಯಲ್ಲ.

ಸಾವಿನ ಸುದ್ದಿಯನ್ನು ಎಂದೂ ಒಬ್ಬರೇ ಹೇಳಬಾರದು, ಬಾಗಿಲಲ್ಲಿ ನಿಂತು ಹೇಳಬಾರದು. ಇಬ್ಬರು ಹೋಗಿ, ಎಲ್ಲರೂ ಕುಳಿತ ಮೇಲೆ, "ತೀರಿಕೊಂಡರು" ಎಂದು ನೇರವಾಗಿ ಹೇಳಿ ಸುಮ್ಮನಾಗಬೇಕು. ವಿವರಣೆ ಆಮೇಲೆ. ಬಯ್ಗುಳ ಬಂದರೆ ಅದರ ಬಹುಪಾಲು ದುಃಖದ್ದೆಂದು ತಿಳಿಯಬಹುದು. ಕೈ ಎತ್ತಿದರೆ ಮಾತ್ರ ತಾಳ್ಮೆಯ ಪ್ರಶ್ನೆಯೇ ಇಲ್ಲ, ಅಲ್ಲಿಂದ ಸರಿದು ಭದ್ರತಾ ಸಿಬ್ಬಂದಿಯನ್ನು ಕರೆಯಬೇಕು. ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲಿನ ಹಿಂಸಾಚಾರ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ, ಮತ್ತು ಅದು ವೈದ್ಯರಿಗಷ್ಟೇ ಅಲ್ಲದೆ ನರ್ಸುಗಳಿಗೂ ಅರೆವೈದ್ಯಕೀಯ ಸಿಬ್ಬಂದಿಗೂ ಅನ್ವಯಿಸುತ್ತದೆ.

ವಿಷ ಸೇವಿಸಿ ಬಂದವರ ಆರೈಕೆ

ಹತ್ತಿ, ಮೆಣಸಿನಕಾಯಿ, ಗೋವಿನಜೋಳ ಬೆಳೆಯುವ ಈ ಸೀಮೆಯ ಐಸಿಯುಗಳಿಗೆ ಇದು ವಿಶೇಷವಾದ ಹೊರೆ. ರೋಗಿ ಎಷ್ಟೋ ಸಲ ಆರೈಕೆ ಮಾಡುವವರ ವಯಸ್ಸಿನವರೇ ಆಗಿರುತ್ತಾರೆ, ಎಚ್ಚರವಾಗಿದ್ದು "ತಪ್ಪು ಮಾಡಿದೆ, ಉಳಿಸ್ರಿ" ಎನ್ನುತ್ತಾರೆ, ಮತ್ತು ಅವರೊಡನೆ ನೀವು ಮಾತಾಡಿರುತ್ತೀರಿ. ಆರ್ಗ್ಯಾನೋಫಾಸ್ಫರಸ್ ಎಂಬ ಬಗೆಯ ಕೀಟನಾಶಕದ ವಿಷದಲ್ಲಿ ಚೇತರಿಸಿಕೊಂಡಂತೆ ಕಂಡ ರೋಗಿಗೆ ಒಂದರಿಂದ ನಾಲ್ಕು ದಿನಗಳ ನಡುವೆ ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯುಗಳು ಸೋತು ಮತ್ತೆ ವೆಂಟಿಲೇಟರ್ ಬೇಕಾಗಬಹುದು. ನಿನ್ನೆ ಮಾತಾಡಿದವರು ಇಂದು ಟ್ಯೂಬ್ ಹಾಕಿಕೊಂಡಿರುವುದನ್ನು ಕಾಣುವ ಆಘಾತ ಕುಟುಂಬಕ್ಕೂ ಇದೆ, ನಿಮಗೂ ಇದೆ. ಆದ್ದರಿಂದ ಈ ಸಾಧ್ಯತೆಯನ್ನು ಮೊದಲ ದಿನವೇ ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಬೇಕು: "ಈಗ ಮಾತಾಡಾಕತ್ತಾನ, ಖರೆ. ಆದರ ನಾಕ್ ದಿನ ಕಳಿಯೂತನಕ ನಾವು ಗೆದ್ದೇವಿ ಅನ್ನಂಗಿಲ್ಲರಿ."

ಈ ರೋಗಿಗಳ ಬಗ್ಗೆ ನರ್ಸಿಂಗ್ ಸ್ಟೇಷನ್ನಿನಲ್ಲಿ ಸಿಟ್ಟಿನ ಮಾತೂ ಕೇಳಿಬರುತ್ತದೆ, "ಸಾಯಾಕ ಹೋದವರಿಗೆ ಬೆಡ್ಡು, ಬದುಕಬೇಕನ್ನವರಿಗೆ ಇಲ್ಲ" ಎಂದು. ಆ ಸಿಟ್ಟನ್ನು ಅಪರಾಧವೆಂದು ಬಗೆಯಬೇಕಿಲ್ಲ, ಅದು ಅಸಹಾಯಕತೆಯ ಇನ್ನೊಂದು ಮುಖ. ಆದರೆ ಅದು ರೋಗಿಯ ಕಿವಿಗೆ ಬೀಳಕೂಡದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರು, ಬೇರೆಯಾಗಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರೆಂದೇ ಪರಿಗಣಿಸಬೇಕೆನ್ನುತ್ತದೆ ಮತ್ತು ಅವರ ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ. ಟ್ಯೂಬ್ ತೆಗೆದ ಬಳಿಕ, ಡಿಸ್ಚಾರ್ಜ್‌ಗೆ ಮುನ್ನ, ಮನೋವೈದ್ಯರ ಭೇಟಿ ಆಯಿತೇ ಎಂದು ಕೇಳುವುದನ್ನು ನಿಮ್ಮ ಕೆಲಸವೆಂದೇ ಇಟ್ಟುಕೊಳ್ಳಿ. ಉಳಿಸಿಕೊಟ್ಟ ಜೀವ ಮುಂದೆಯೂ ಉಳಿಯಲು ತಾನೊಂದು ಕೆಲಸ ಮಾಡಿದೆನೆಂಬ ನೆಮ್ಮದಿ ಈ ಹೊರೆಯನ್ನು ಸ್ವಲ್ಪ ಹಗುರ ಮಾಡುತ್ತದೆ.

ಫಲವಿಲ್ಲದ ಚಿಕಿತ್ಸೆಯ ಸಂಕಟ

"ಇದನ್ನು ಯಾರಿಗಾಗಿ ಮಾಡುತ್ತಿದ್ದೇವೆ?" ಎಂಬ ಪ್ರಶ್ನೆ ಮೂಡಿದಾಗ ಅದನ್ನು ನುಂಗಿಕೊಳ್ಳಬೇಡಿ, ಕ್ಯಾಂಟೀನಿನಲ್ಲಿ ಹರಟೆಯಾಗಿಯೂ ಕಳೆಯಬೇಡಿ. ರೌಂಡ್ಸ್ ಹೊತ್ತಿನಲ್ಲಿ ಪ್ರಶ್ನೆಯ ರೂಪದಲ್ಲಿ ಇಡಿ: "ಸರ್, ಈ ವಾರ ನಮ್ಮ ಗುರಿ ಏನು? ಆ ಗುರಿ ಮುಟ್ಟದಿದ್ದರೆ ಮನೆಯವರೊಡನೆ ಏನು ಮಾತಾಡುವುದು?" ಇದರಲ್ಲಿ ವೈದ್ಯರ ಮೇಲೆ ಆರೋಪವಿಲ್ಲ, ಆದರೆ ಉತ್ತರ ತಪ್ಪಿಸಿಕೊಳ್ಳುವುದು ಕಷ್ಟ. ಚೇತರಿಕೆಯ ಆಸೆಯಿಲ್ಲದ ರೋಗಿಯ ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟು, 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿತು. ಅದರ ಪ್ರಕಾರ ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿ ಮತ್ತು ದ್ವಿತೀಯ ಮಂಡಳಿ ಎರಡೂ ಒಪ್ಪಬೇಕು, ಕುಟುಂಬದ ಸಮ್ಮತಿಯೂ ಬೇಕು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಇಂಥ ದಾರಿಯೊಂದು ಕಾನೂನಿನಲ್ಲಿ ಇದೆಯೆಂದು ತಿಳಿದಿರುವ ನರ್ಸ್ ಕೇಳುವ ಪ್ರಶ್ನೆಗೆ ತೂಕ ಹೆಚ್ಚು.

ಹಣವಿಲ್ಲದೆ ಕರೆದೊಯ್ಯುವ ಸಂದರ್ಭದಲ್ಲಿ ನಿಮ್ಮಿಂದ ಆಗುವುದು ಕಡಿಮೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕೌಂಟರಿಗೆ, ಸಮಾಜ ಕಾರ್ಯಕರ್ತರಿಗೆ ಮೊದಲ ದಿನವೇ ತಿಳಿಸುವುದು ನಿಮ್ಮ ಪಾಲು. ಉಳಿದದ್ದು ನಿಮ್ಮ ತಪ್ಪಲ್ಲವೆಂದು ಸ್ಪಷ್ಟವಾಗಿ ಹೇಳಿಕೊಳ್ಳಿ.

ತಪ್ಪಾದಾಗ

ಔಷಧದ ಪ್ರಮಾಣ ತಪ್ಪಿದಾಗ, ಟ್ಯೂಬ್ ಜಾರಿದ್ದು ತಡವಾಗಿ ಗೊತ್ತಾದಾಗ, ರೋಗಿಯ ನಂತರ ಬಳಲುವವರು ಆ ಸಿಬ್ಬಂದಿಯೇ. ಆಲ್ಬರ್ಟ್ ವೂ ಎಂಬ ವೈದ್ಯರು 2000ದಲ್ಲಿ ಅವರನ್ನು ಎರಡನೆಯ ಬಲಿಪಶು ಎಂದು ಕರೆದರು. ಸಹೋದ್ಯೋಗಿಗೆ ಹೀಗಾದರೆ "ಹೋಗಲಿ ಬಿಡು" ಎನ್ನಬೇಡಿ, ಏಕೆಂದರೆ ಅವರಿಗೆ ಅದು ಹೋಗಿರುವುದಿಲ್ಲ. ವರದಿ ಬರೆಯಲು ಜೊತೆಗೆ ಕುಳಿತುಕೊಳ್ಳಿ, ಆ ದಿನ ಮನೆಯವರೆಗೆ ಜೊತೆ ಹೋಗಿ, ಮರುದಿನ ಫೋನ್ ಮಾಡಿ.

ಪಾಳಿಯಿಂದ ಮನೆಗೆ

ರಾತ್ರಿ ಪಾಳಿಯಲ್ಲಿ ಮೂರರಿಂದ ಐದರವರೆಗೆ ಎಚ್ಚರ ತೀರ ಕುಗ್ಗಿರುತ್ತದೆ. ಅಪಾಯಕಾರಿ ಔಷಧಗಳನ್ನು ಆ ಹೊತ್ತಿನಲ್ಲಿ ಇಬ್ಬರು ಸೇರಿ ಪರೀಕ್ಷಿಸುವುದು ಒಳ್ಳೆಯದು. ಚಹಾ ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ ರಾತ್ರಿ ಎರಡು ಗಂಟೆ ಹೊಡೆದ ನಂತರದ ಚಹಾ ಬೆಳಗಿನ ನಿದ್ದೆಯನ್ನು ಕೆಡಿಸುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವವರು ರಾತ್ರಿ ಪಾಳಿಯ ಮರುದಿನ ಸ್ಕೂಟರ್ ಬಿಟ್ಟು ಚಿಗರಿ ಬಸ್ ಹಿಡಿಯುವುದು ಪ್ರಾಣಕ್ಕೂ ಕ್ಷೇಮ. ಆ ಪ್ರಯಾಣದ ಮೊದಲರ್ಧವನ್ನು ಪಾಳಿಯ ಯೋಚನೆಗೆ ಬಿಟ್ಟುಕೊಟ್ಟು, ನಡುದಾರಿಯ ನವನಗರ ದಾಟಿದ ಮೇಲೆ ವಾರ್ಡಿನ ವಾಟ್ಸ್ಆ್ಯಪ್ ಗುಂಪನ್ನು ತೆರೆಯದಿರುವುದೆಂಬ ನಿಯಮ ಇಟ್ಟುಕೊಳ್ಳಬಹುದು. ಗದಗ, ಹಾವೇರಿಯಲ್ಲಿ ಮನೆ ಹತ್ತಿರವಿರುವವರಿಗೆ ಸ್ನಾನವೇ ಆ ಗಡಿ.

ಮನೆಯವರಿಗೆ ಎಲ್ಲ ಹೇಳಬೇಕಿಲ್ಲ, ಏನೂ ಹೇಳದಿರುವುದೂ ಬೇಡ. "ಇವತ್ತು ಒಂದು ಸಣ್ಣ ಹುಡುಗ ಹೋದ. ನನಗ ಸ್ವಲ್ಪ ಹೊತ್ತು ಮಾತು ಬ್ಯಾಡ, ಆಮ್ಯಾಲೆ ಕೂಡೇ ಉಣ್ಣೂಣು" ಎಂದರೆ ಅತ್ತೆಗೂ ಗಂಡನಿಗೂ ಮಕ್ಕಳಿಗೂ ಅರ್ಥವಾಗುತ್ತದೆ, ಹೇಳದಿದ್ದರೆ ಸಿಟ್ಟು ಅವರ ಮೇಲೆ ತಿರುಗಿದಂತೆ ಅವರಿಗೆ ಕಾಣುತ್ತದೆ. ಮಾತಾಡಲು ಇಷ್ಟವಿಲ್ಲದವರು ಬರೆಯಬಹುದು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಪ್ರಯೋಗಿಸಿದ ಕ್ರಮವೆಂದರೆ ಮೂರು ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ, ಮನಸ್ಸಿನಲ್ಲಿದ್ದುದನ್ನು ತಿದ್ದದೆ ಬರೆಯುವುದು. ಘಟನೆಯ ಅದೇ ರಾತ್ರಿ ಬೇಡ, ಕೆಲವು ದಿನ ಕಳೆದ ಮೇಲೆ. ರೋಗಿಯ ಹೆಸರು ಬರೆಯಬೇಡಿ. ಬರೆದದ್ದನ್ನು ಹರಿದುಹಾಕಿದರೂ ನಡೆಯುತ್ತದೆ.

ನೆರವು ಕೇಳುವ ಹೊತ್ತು

ನಿದ್ದೆಗೆಡುವುದು, ಅದೇ ದೃಶ್ಯ ಮರುಕಳಿಸುವುದು, ಅಳು, ವಾರ್ಡಿಗೆ ಕಾಲಿಡಲು ಭಯ, ಮದ್ಯ ಅಥವಾ ನಿದ್ದೆ ಮಾತ್ರೆಯ ಮೊರೆ ಹೋಗುವುದು ಎರಡು ವಾರ ಮೀರಿದರೆ ಹೊರಗಿನ ನೆರವು ಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ತಾವು ಕೆಲಸ ಮಾಡುವ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಲು ಸಂಕೋಚವಿದ್ದವರು ಬೇರೆ ಕಡೆ ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವುದು 2017ರ ಕಾಯ್ದೆ ಕೊಟ್ಟ ಹಕ್ಕು. ಬದುಕು ಸಾಕೆಂಬ ಮಾತು ಸಹೋದ್ಯೋಗಿಯ ಬಾಯಿಂದ ಬಂದರೆ, ತಮಾಷೆಯಾಗಿ ಬಂದರೂ, ನೇರವಾಗಿ ಕೇಳಿ: "ಜೀವ ಕಳಕೊಳ್ಳೋ ವಿಚಾರ ಬರತೈತೇನು?" ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಬ್ಬರೇ ಬಿಡಬೇಡಿ, ಔಷಧ ಕಪಾಟಿನ ಕೀಲಿಯ ಹೊಣೆಯಿಂದ ಬಿಡಿಸಿ, ಅದೇ ದಿನ ವೈದ್ಯರ ಬಳಿಗೆ ಜೊತೆಯಲ್ಲಿ ಕರೆದೊಯ್ಯಿರಿ.

ಪಾಳಿಪಟ್ಟಿ ಬರೆಯುವವರಿಗೆ

ಮೇಲಿನದೆಲ್ಲವೂ ವ್ಯಕ್ತಿಗಳು ಮಾಡಬಹುದಾದದ್ದು, ಮುಂದಿನದು ವ್ಯವಸ್ಥೆ ಮಾಡಬೇಕಾದದ್ದು. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಎಂಬುದು ತಜ್ಞ ಸಂಘಟನೆಗಳ ಶಿಫಾರಸು. ಮೂವರು ನಾಲ್ವರು ರೋಗಿಗಳನ್ನು ಒಬ್ಬರಿಗೆ ವಹಿಸಿ, ವರ್ಷಕ್ಕೊಮ್ಮೆ ಒತ್ತಡ ನಿರ್ವಹಣೆಯ ಉಪನ್ಯಾಸ ಏರ್ಪಡಿಸುವುದು ಆರೈಕೆಯೆನಿಸದು. ಹೊಸಬರ ಮೊದಲ ಸಾವಿನಲ್ಲಿ ಹಿರಿಯರೊಬ್ಬರು ದೇಹವನ್ನು ಸಿದ್ಧಪಡಿಸಲು ಜೊತೆಗಿರುವಂತೆ ನೋಡಿಕೊಳ್ಳಿ. ಒಬ್ಬರ ಕೈಯಲ್ಲಿ ಎರಡು ಸಾವುಗಳು ಬೆನ್ನುಬೆನ್ನಿಗೆ ಆದರೆ ಮುಂದಿನ ಪಾಳಿಯಲ್ಲಿ ಅವರಿಗೆ ಸುಧಾರಿಸುತ್ತಿರುವ ರೋಗಿಯನ್ನು ಕೊಡಿ. ಸಾಲಾಗಿ ರಾತ್ರಿ ಪಾಳಿ ಹಾಕಿದ ಮೇಲೆ ನಿಜವಾದ ರಜೆ ಬರಲಿ, ಆ ದಿನ ಫೋನ್ ಮಾಡಿ ಕರೆಸಬೇಡಿ. ಗುಣವಾಗಿ ಮನೆಗೆ ಹೋದ ರೋಗಿ ತಪಾಸಣೆಗೆ ಬಂದಾಗ ಐಸಿಯು ಬಾಗಿಲಿಗೆ ಕರೆತಂದು ತೋರಿಸಿ, ಏಕೆಂದರೆ ಇಲ್ಲಿನ ಸಿಬ್ಬಂದಿ ಸುಧಾರಿಸಿದವರನ್ನು ಎದ್ದು ನಡೆಯುವ ಸ್ಥಿತಿಯಲ್ಲಿ ನೋಡುವುದೇ ಅಪರೂಪ. ದೇಹವನ್ನು ಬಟ್ಟೆಯಲ್ಲಿ ಸುತ್ತಿ ಶವಾಗಾರಕ್ಕೆ ಒಯ್ಯುವ ಆಯಾ, ವಾರ್ಡ್ ಬಾಯ್ ಮತ್ತು ಸ್ವಚ್ಛತಾ ಸಿಬ್ಬಂದಿ ಗುತ್ತಿಗೆಯವರೆಂಬ ಕಾರಣಕ್ಕೆ ಈ ಯಾವ ವ್ಯವಸ್ಥೆಯಿಂದಲೂ ಹೊರಗುಳಿಯಬಾರದು. ಸಾವಿನ ನಂತರದ ಆ ಒಂದು ನಿಮಿಷಕ್ಕೆ ಅವರನ್ನೂ ಕೂಗಿ ಕರೆಯಿರಿ, ಹತ್ತು ನಿಮಿಷದ ಬಿಡುವಿಗೆ ಅವರ ಹೆಸರನ್ನೂ ಬರೆಯಿರಿ.